ಎಚ್‌ಡಿ 189733 ಬಿ ಟ್ರಾನ್ಸಿಟ್ ಸಮಯ ಜಾರ್ತಾ ಇದೆ, ಇನ್ನೊಂದು ಗ್ರಹ ಇರಬಹುದಾ?

ಮಾಳಿಗೆದುರ್ಬೀನು:
ಮಳೆಗಾಲ ಮುಗಿದ ಮೇಲೆ ಈ ಬಿಸಿ ಗುರುವಿನ (ತನ್ನ ನಕ್ಷತ್ರಕ್ಕೆ ತೀರಾ ಹತ್ತಿರ ಸುತ್ತುವ, ಗುರುವಿನಂಥ ದೊಡ್ಡ ಗ್ರಹ) ಮೂರು ಟ್ರಾನ್ಸಿಟ್ ಹಿಡಿದೆ, ಅಂದರೆ ಅದು ನಕ್ಷತ್ರದ ಮುಂದೆ ಹಾದು ಬೆಳಕು ಕುಗ್ಗಿಸಿದ ಹೊತ್ತು. ಒಂದು ಸುತ್ತಿನ ಅವಧಿ 2.2186 ದಿನ. ಒಂಬತ್ತು ಸುತ್ತಿಗೆ ಹೆಚ್ಚುಕಡಿಮೆ 20 ದಿನ ಆಗೋದರಿಂದ ಮೂರೂ ಸಂಜೆಯ ಹೊತ್ತಿಗೇ ಸಿಕ್ಕವು. ಟ್ರಾನ್ಸಿಟ್ ಆಗಬೇಕಾದ ಹೊತ್ತಿನ ಪ್ರಕಟವಾದ ಲೆಕ್ಕಕ್ಕೆ ಹೋಲಿಸಿದರೆ ಅಕ್ಟೋಬರ್ ಮೊದಲ ವಾರದ್ದು ಮೂರೂವರೆ ನಿಮಿಷ ಬೇಗ, ತಿಂಗಳ ಕೊನೆಯದು ಮುಕ್ಕಾಲು ನಿಮಿಷ ಬೇಗ, ನವೆಂಬರ್ ನಡುವಿನದು ಅರ್ಧ ನಿಮಿಷ ತಡ. ಯಾವುದೋ ಗ್ರಹ ಎಳೆದು ಇದರ ಹೊತ್ತು ಬದಲಾಯಿಸ್ತಾ ಇದೆ, ಅಲ್ವಾ? ಎರಡು ದಿನದಿಂದ ನಿದ್ದೆ ಇಲ್ಲ.

ಓ_ಮೈನಸ್_ಸಿ:
ನಿದ್ದೆ ಮಾಡಿ ಸರ್. ಸಮಯ ಯಾವುದರಲ್ಲಿ ಇಟ್ಟಿದ್ದೀರಿ?

ಮಾಳಿಗೆದುರ್ಬೀನು:
ಕ್ಯಾಮೆರಾ ಫೈಲಿನಲ್ಲಿರುವ ಜೂಲಿಯನ್ ದಿನಾಂಕ (ದಿನಗಳ ಸತತ ಎಣಿಕೆ), ಯುಟಿಸಿ (ಜಾಗತಿಕ ಗಡಿಯಾರದ ಸಮಯ).

ಓ_ಮೈನಸ್_ಸಿ:
ಅಲ್ಲೇ ಇದೆ ಎಡವಟ್ಟು. ಪ್ರಕಟವಾದ ಲೆಕ್ಕ ಬಿಜೆಡಿ ಟಿಡಿಬಿಯಲ್ಲಿ ಇರುತ್ತದೆ. ಅಂದರೆ ಸೌರಮಂಡಲದ ತೂಕಕೇಂದ್ರದಲ್ಲಿ ಕೂತು ನೋಡಿದ ಹೊತ್ತು. ಆಗಸ್ಟ್ ಶುರುವಿನಲ್ಲಿ ಭೂಮಿ ಆ ನಕ್ಷತ್ರದ ಕಡೆಗೆ ಇರುತ್ತದೆ, ಬೆಳಕು ನಮಗೆ ಸುಮಾರು ಆರು ನಿಮಿಷ ಮೊದಲೇ ಸಿಗುತ್ತದೆ. ಫೆಬ್ರವರಿ ಹೊತ್ತಿಗೆ ಅಷ್ಟೇ ತಡ. ನಿಮ್ಮ ಜಾರುವಿಕೆ ಆಗಸ್ಟ್‌ನಿಂದ ಫೆಬ್ರವರಿವರೆಗಿನ ಆ ಏರಿನ ಮಧ್ಯದ ತುಂಡು. ಮೇಲಿಂದ ಟಿಡಿಬಿ (ಖಗೋಳಜ್ಞರ ಸಮನಾಗಿ ಓಡುವ ಗಡಿಯಾರ) ಯುಟಿಸಿಗಿಂತ 69 ಸೆಕೆಂಡ್ ಮುಂದಿದೆ. ಆಸ್ಟ್ರೋಇಮೇಜ್‌ಜೆ ತಂತ್ರಾಂಶದಲ್ಲಿ ನಕ್ಷತ್ರದ ಸ್ಥಾನ, ನಿಮ್ಮ ಊರಿನ ಅಕ್ಷಾಂಶ ರೇಖಾಂಶ ತುಂಬಿ, ಅದೇ ಬದಲಾಯಿಸಿ ಕೊಡುತ್ತದೆ. ಫೈಲಿನಲ್ಲಿರೋದು ಎಕ್ಸ್‌ಪೋಷರ್ ಶುರುವಾದ ಹೊತ್ತೋ ನಡುವಿನದೋ, ಅದನ್ನೂ ನೋಡಿ.

ಮಾಳಿಗೆದುರ್ಬೀನು:
ಗ್ರಹ ಹೋಯಿತು! ಈಗ ಒಂದು 10 ಸೆಕೆಂಡ್ ಬೇಗ, ಇನ್ನೊಂದು 15 ತಡ. ನಡುವಿನದು ಮಾತ್ರ 50 ಸೆಕೆಂಡ್ ತಡ.

ಓ_ಮೈನಸ್_ಸಿ:
ಅವತ್ತು ಶುರುವಿನಲ್ಲಿ ಬೆಳಕು ಕುಗ್ಗುವ ಇಳಿಜಾರು ಸಿಕ್ಕಿತ್ತಾ?

ಮಾಳಿಗೆದುರ್ಬೀನು:
ಇಲ್ಲ, ಮೋಡ.

ಓ_ಮೈನಸ್_ಸಿ:
ಹಾಗಾದರೆ ಅದನ್ನು ನಂಬಬೇಡಿ. ಒಂದೇ ಬದಿ ಇದ್ದರೆ ನಡುಬಿಂದು ಸುಲಭವಾಗಿ ಜಾರುತ್ತದೆ. ಈ ನಕ್ಷತ್ರದ ಮೇಲೆ ಕಲೆಗಳೂ ಜಾಸ್ತಿ, ಅವೂ ಕೆಡಿಸುತ್ತವೆ. ಕೆನಡಾದ ಮೋಸ್ಟ್ ಉಪಗ್ರಹ ಇದೇ ನಕ್ಷತ್ರದಲ್ಲಿ ಹುಡುಕಿತ್ತು, ಜೊತೆಗಾರ ಸಿಗಲಿಲ್ಲ.

ನಿಜವಾದ ಸೆಳೆತ ಹೇಗಿರುತ್ತದೆ ಅಂತ ನೋಡಬೇಕಾದರೆ ವಾಸ್ಪ್-47 ನಕ್ಷತ್ರ ನೋಡಿ. ಬಿಸಿ ಗುರು 4.16 ದಿನದ್ದು. ಕೆಪ್ಲರ್ ದೂರದರ್ಶಕದ ಕೆ2 ಯೋಜನೆಯ ದತ್ತಾಂಶದಲ್ಲಿ 2015ರಲ್ಲಿ ಒಳಗೊಂದು 0.79 ದಿನದ್ದು, ಹೊರಗೊಂದು 9.03 ದಿನದ್ದು ಸಿಕ್ಕವು. ಎತ್ತನ್ನೂ ಮೇಕೆಯನ್ನೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ: ಗುರುವಿನ ಟ್ರಾನ್ಸಿಟ್ ಸಮಯ ಒಂದು ನಿಮಿಷದೊಳಗೇ ಅಲುಗುತ್ತದೆ, ಹೊರಗಿನ ಹಗುರ ಗ್ರಹದ್ದು ಹಲವು ನಿಮಿಷ ಓಲಾಡುತ್ತದೆ. ಅಲ್ಲೂ ಜೊತೆಗಾರರು ಮೊದಲು ಕಂಡಿದ್ದು ತಮ್ಮದೇ ಟ್ರಾನ್ಸಿಟ್‌ನಿಂದ. ಸಮಯದ ಓಲಾಟದಿಂದ ತೂಕ ಸಿಕ್ಕಿತು.

ಮಾಳಿಗೆದುರ್ಬೀನು:
ಅಂದರೆ ನನ್ನ 50 ಸೆಕೆಂಡ್ ಸುಮ್ನೆ ಮೋಡ. ಲ್ಯಾಪ್‌ಟಾಪ್ ಗಡಿಯಾರ ಇಂಟರ್ನೆಟ್ಟಿಗೆ ಹೊಂದಿಸಿದ್ದೇನೆ. ಮುಂದಿನ ಸಲ ಎರಡೂ ಬದಿ ಸಿಕ್ಕರೆ ಇಲ್ಲೇ ಹಾಕ್ತೀನಿ.