ಸಹಾಯ ಬೇಕು: ಕ್ಲಾಸಿನಲ್ಲಿ ಎದ್ದು ಮಾತಾಡಿದ ಮಗಳಿಗೆ ಈಗ ತೊಂದರೆ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ತರಗತಿ. ಅವಳ ಕ್ಲಾಸಿನ ಒಬ್ಬ ಹುಡುಗನಿಗೆ ಮಾತು ತೊದಲುತ್ತದೆ. ಪಾಠ ಓದುವಾಗ ಅವನು ತಡವರಿಸಿದರೆ ಟೀಚರ್ ಅವನ ಹಾಗೇ ಮಾತಾಡಿ ಅಣಕಿಸುತ್ತಾರೆ. ಇಡೀ ಕ್ಲಾಸು ನಗುತ್ತದೆ. ಕಳೆದ ವಾರ ಮಗಳು ಎದ್ದು ನಿಂತು, "ಮಿಸ್, ಅವನಿಗೆ ಸ್ವಲ್ಪ ಟೈಮ್ ಕೊಡಿ, ಓದುತ್ತಾನೆ. ದಯವಿಟ್ಟು ಅಣಕಿಸಬೇಡಿ" ಅಂದಳು. ಅಷ್ಟೇ. ದನಿ ಕೂಡ ಏರಿಸಲಿಲ್ಲವಂತೆ.

ಅಂದಿನಿಂದ ಅವಳಿಗೆ ಕೊನೇ ಬೆಂಚು. ನೋಟ್ಸ್ ತಿದ್ದುವುದಿಲ್ಲ, ಕೈ ಎತ್ತಿದರೂ ಕೇಳುವುದಿಲ್ಲ. ಎಲ್ಲರೆದುರು ಕ್ಷಮೆ ಕೇಳಬೇಕಂತೆ. ಅವಳು ಕೇಳಲ್ಲ ಅಂತಾಳೆ, ಕೇಳಬೇಕಾಗಿಯೂ ಇಲ್ಲ. ತೊದಲುವವರನ್ನು ಅವಸರ ಮಾಡಿದರೆ, ನೋಡಿ ನಕ್ಕರೆ ತೊದಲು ಇನ್ನೂ ಜಾಸ್ತಿ ಆಗುತ್ತದೆ. ಅದಕ್ಕೂ ಬುದ್ಧಿಗೂ ಸಂಬಂಧವೇ ಇಲ್ಲ. ಟೀಚರ್‌ಗೆ ಇದು ಗೊತ್ತಿರಬೇಕಲ್ವಾ?

ಮೊದಲು ಟೀಚರ್ ಹತ್ತಿರವೇ ಮಾತಾಡಲಾ, ನೇರ ಮುಖ್ಯೋಪಾಧ್ಯಾಯರನ್ನು ನೋಡಲಾ? ದೂರು ಬರೆದು ಕೊಡಬೇಕಾ, ಬಾಯಲ್ಲಿ ಹೇಳಿದರೆ ಸಾಕಾ? ಆ ಹುಡುಗನ ಅಪ್ಪ ಅಮ್ಮನನ್ನು ಕೇಳದೆ ಅವನ ಹೆಸರು ಎತ್ತುವುದು ಸರಿಯಲ್ಲ ಅನಿಸುತ್ತದೆ. ಇಂಟರ್ನಲ್ ಮಾರ್ಕ್ಸ್ ಇದೇ ಟೀಚರ್ ಕೈಯಲ್ಲಿದೆ, ನನ್ನ ಭಯ ಅದೊಂದೇ. ಶಿಕ್ಷಕರು, ಇಂಥದ್ದನ್ನು ಎದುರಿಸಿದ ಪೋಷಕರು ದಯವಿಟ್ಟು ತಿಳಿಸಿ.