ಅಪ್‌ಡೇಟ್: ಮೂರನೇ ಮಹಡಿಯಿಂದ ಕೆಳಗಿಳಿದೆ

ಅಪಘಾತದ ನಂತರ ಊರುಗೋಲು ಹಿಡಿದು ನಡೆಯುವ ನನಗೆ ನೆಲಮಹಡಿಯಲ್ಲಿ ಜಾಗ ಕೊಡದೆ, ‘ಕಷ್ಟವಾದರೆ ರಾಜೀನಾಮೆ ಕೊಡಿ’ ಎನ್ನುತ್ತಿದ್ದ ಪೀಣ್ಯದ ಖಾಸಗಿ ಕಂಪನಿಯ ಬಗ್ಗೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ‘ಬರಹದಲ್ಲಿ ಕೇಳಿ’ ಎಂದವರಿಗೆಲ್ಲ ಕೃತಜ್ಞತೆ.

ಮೊದಲ ಪತ್ರದಲ್ಲೇ ಎಡವಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 20 ಅನ್ನು ಉಲ್ಲೇಖಿಸಿದ್ದೆ. ಅದು ಸರ್ಕಾರಿ ಸಂಸ್ಥೆಗಳಿಗೆ. ಸಿಬ್ಬಂದಿ ವಿಭಾಗದವರು ಅದನ್ನು ಎಷ್ಟು ಸಂಭ್ರಮದಿಂದ ತೋರಿಸಿದರೆಂದರೆ, ನನಗೂ ನಗು ಬಂತು.

ಎರಡನೇ ಪತ್ರದಲ್ಲಿ ಎರಡೇ ಮಾತು. ಸಮಂಜಸ ಅನುಕೂಲ (ಅಂಗವೈಕಲ್ಯಕ್ಕೆ ತಕ್ಕಂತೆ ಮಾಡಿಕೊಡಬೇಕಾದ ಬದಲಾವಣೆ) ನಿರಾಕರಿಸುವುದೂ ಕಾಯ್ದೆಯ ವ್ಯಾಖ್ಯೆಯಲ್ಲಿ ತಾರತಮ್ಯವೇ. ಸೆಕ್ಷನ್ 21ರಂತೆ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, ಅದರ ಪ್ರತಿ ಕೊಡಿ. ಅವರ ಬಳಿ ಅಂಥ ನೀತಿಯೇ ಇರಲಿಲ್ಲ! ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡುವೆನೆಂದೂ ಬರೆದಿದ್ದೆ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಬಾರಿಗೆ 10,000 ರೂಪಾಯಿವರೆಗೆ ದಂಡ. ಮೊತ್ತ ಸಣ್ಣದು, ಆದರೆ ಕಂಪನಿಗೆ ಹೆಸರಿನ ಭಯ ದೊಡ್ಡದು.

ನಾಲ್ಕನೇ ದಿನ ಕರೆದರು. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ನೋಡಿದರು. ಈಗ ನನ್ನ ಮೇಜು ಉಗ್ರಾಣದ ಪಕ್ಕದಲ್ಲಿದೆ. ಇಡೀ ದಿನ ರಟ್ಟಿನ ಡಬ್ಬಿಗಳ ವಾಸನೆ, ಆದರೆ ಮೆಟ್ಟಿಲಿಲ್ಲ. ಈ ಜಗಳದ ಅವಧಿಯಲ್ಲಿ ಕಡಿತಗೊಂಡ ಒಂಬತ್ತು ದಿನಗಳ ಸಂಬಳ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೆ ಮೂರನೇ ಪತ್ರ ಸಿದ್ಧವಾಗುತ್ತಿದೆ.