ಕೋಟಿಂಗ್ ಹಾಕಿದರೂ ಕಾರಿನ ಕಪ್ಪು ಪ್ಲಾಸ್ಟಿಕ್ ಮತ್ತೆ ಬೂದಿ ಬಣ್ಣಕ್ಕೆ ತಿರುಗುತ್ತಿದೆ, ಕಾರಣವೇನು?

ಕೊಪ್ಪಳದ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನ ಗಾಡಿಯ ಚಕ್ರಗಳ ಸುತ್ತಲಿನ ಕ್ಲಾಡಿಂಗ್ (ಕಪ್ಪು ಪ್ಲಾಸ್ಟಿಕ್ ಹೊದಿಕೆ), ಬಾಗಿಲುಗಳ ಕೆಳಗಿನ ಪಟ್ಟಿ ಹಾಗೂ ವೈಪರ್ ಬುಡದ ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗಿದ್ದವು. ಹೋದ ಚಳಿಗಾಲದಲ್ಲಿ ಸಾಕಷ್ಟು ದುಡ್ಡು ಸುರಿದು ಸೆರಾಮಿಕ್ ಟ್ರಿಮ್ ಕೋಟಿಂಗ್ (ಹೊರಗಿನ ಪ್ಲಾಸ್ಟಿಕ್‌ಗೆ ಹಚ್ಚುವ ರಕ್ಷಣಾ ಲೇಪ) ತರಿಸಿ, ಡಬ್ಬಿಯ ಮೇಲೆ ಬರೆದಂತೆ ಚಾಚೂ ತಪ್ಪದೆ ಹಚ್ಚಿದೆ. ಎರಡು ವರ್ಷ ಬಾಳುತ್ತದೆ ಎಂದು ಡಬ್ಬಿ ಹೇಳುತ್ತದೆ. ಆದರೆ ಯುಗಾದಿ ಬರುವಷ್ಟರಲ್ಲಿ ಕೆಲವೆಡೆ ಬಿಳಿಚಿಕೊಂಡು, ಕೆಲವೆಡೆ ತೆಳ್ಳನೆಯ ಪೊರೆಯಂತೆ ಎದ್ದುಬರತೊಡಗಿದೆ. ಇದಕ್ಕೆ ಶಾಶ್ವತ ಪರಿಹಾರ ತಿಳಿದವರು ತಿಳಿಸಬೇಕು. ಇನ್ನೂ ದುಬಾರಿಯದ್ದನ್ನು ಕೊಳ್ಳಿ ಎಂಬ ಉತ್ತರ ಮಾತ್ರ ದಯವಿಟ್ಟು ಬೇಡ.

ಬಳ್ಳಾರಿ ಬಿಸಿಲು:
ಸರ್, ಕೋಟಿಂಗ್‌ಗಳ ಸಹವಾಸ ಬಿಟ್ಟು ಒಂದು ಹೀಟ್ ಗನ್ ಕೊಂಡುಬಿಡಿ. ಬಿಸಿ ಗಾಳಿಯನ್ನು ಒಂದೇ ಕಡೆ ನಿಲ್ಲಿಸದೆ ಅತ್ತಿತ್ತ ಆಡಿಸುತ್ತ ಹೋದರೆ ಬೂದಿ ಬಣ್ಣ ಕಣ್ಣೆದುರಿಗೇ ಮಾಯವಾಗಿ ಕಪ್ಪು ಮರಳುತ್ತದೆ. ನನ್ನ ಹಳೆಯ ಜೀಪಿನ ಹಿಂದಿನ ಬಂಪರ್‌ಗೆ ಇದನ್ನೇ ಮಾಡಿದ್ದೇನೆ, ನೋಡಿದವರು ಹೊಸ ಬಂಪರ್ ಎಂದೇ ತಿಳಿಯುತ್ತಾರೆ.

ರಾಯಚೂರು ರಸ್ತೆ:
ಹೀಟ್ ಗನ್ನಿಗೂ ಮೊದಲು ಗಾಡಿಯನ್ನು ಯಾವ ನೀರಿನಲ್ಲಿ ತೊಳೆಯುತ್ತೀರಿ ಎಂಬುದನ್ನು ಹೇಳಿ. ನಮ್ಮ ಮೂರೂ ಜಿಲ್ಲೆಗಳ ಬೋರ್ ನೀರು ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲಿನಲ್ಲಿ ತೊಳೆದು ಒರೆಸದೆ ಬಿಟ್ಟರೆ ನೀರು ಆರಿ, ಅದರೊಳಗಿನ ಸುಣ್ಣದ ಅಂಶ ಪ್ಲಾಸ್ಟಿಕ್‌ನ ಒರಟು ಕಣಗಳ ನಡುವೆ ಕುಳಿತುಬಿಡುತ್ತದೆ. ನಿಮ್ಮದು ಬಣ್ಣ ಮಾಸಿದ್ದೇ ಅಲ್ಲ, ಬರೀ ಸುಣ್ಣ. ಬಿಳಿ ವಿನೆಗರ್ ಹಚ್ಚಿ ತೊಳೆಯಿರಿ, ಮುಗಿಯಿತು.

ಗಂಗಾವತಿ ಗ್ಯಾರೇಜು:
ಗಾಡಿ ಯಾವುದು, ಎಷ್ಟು ಹಳೆಯದು, ನಿಲ್ಲಿಸುವುದು ನೆರಳಿನಲ್ಲೋ ಬಯಲಿನಲ್ಲೋ, ಕೋಟಿಂಗ್‌ಗೆ ಮೊದಲು ಏನು ಹಚ್ಚುತ್ತಿದ್ದಿರಿ, ಹಚ್ಚುವ ಮುನ್ನ ಯಾವುದರಿಂದ ಒರೆಸಿದಿರಿ? ಇವನ್ನು ತಿಳಿಸದಿದ್ದರೆ ಎಲ್ಲರೂ ಕತ್ತಲಲ್ಲಿ ಕಲ್ಲು ಎಸೆಯುತ್ತಿರುತ್ತಾರೆ.

ಕೊಪ್ಪಳದ ಸವಾರ:
ಸಾಮಾನ್ಯ ಎಸ್‌ಯುವಿ ಸರ್, ಎಲ್ಲರ ಬಳಿಯೂ ಇರುವಂಥದ್ದೇ. ಡಬ್ಬಿಯ ಸೂಚನೆಯಂತೆ ಶಾಂಪೂವಿನಿಂದ ತೊಳೆದು, ಒಣಗಿಸಿಯೇ ಹಚ್ಚಿದ್ದೇನೆ. ಸಮಸ್ಯೆ ಇರುವುದು ಕೋಟಿಂಗ್‌ನಲ್ಲಿ, ನನ್ನ ತೊಳೆಯುವಿಕೆಯಲ್ಲಿ ಅಲ್ಲ.

ರಾಯಚೂರು ರಸ್ತೆ:
ಕೊಪ್ಪಳ ಎಂದಮೇಲೆ ಬೋರ್ ನೀರೇ ಸರಿ. ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಎಲ್ಲರಿಗೂ ಗೊತ್ತಿದೆ. ಹಲ್ಲಿನ ಬಣ್ಣವನ್ನೇ ಕೆಡಿಸುವ ನೀರು ಪ್ಲಾಸ್ಟಿಕ್ಕನ್ನು ಬಿಟ್ಟೀತೇ?

ಸಂಡೂರು ಘಾಟಿ:
ಫ್ಲೋರೈಡಿಗೂ ಈ ಕಲೆಗೂ ಸಂಬಂಧವಿಲ್ಲ, ರಾಯಚೂರಿನವರು ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತಿದ್ದಾರೆ. ನೀರು ಆರಿದ ಮೇಲೆ ಉಳಿಯುವ ಬಿಳಿ ಕಲೆ ಮುಖ್ಯವಾಗಿ ಕ್ಯಾಲ್ಸಿಯಂ ಹಾಗೂ ಮೆಗ್ನೀಸಿಯಂ ಲವಣಗಳದ್ದು. ಧೂಳನ್ನೂ ಮರೆಯಬೇಡಿ. ನಮ್ಮ ಕಡೆ ಅದಿರಿನ ಲಾರಿಗಳ ಹಿಂದೆ ಹೋದ ಗಾಡಿಯ ಕ್ಲಾಡಿಂಗ್ ಕೆಂಪಾಗಿರುತ್ತದೆ, ಮತ್ತು ಆ ಕೆಂಪು ಶಾಂಪೂವಿಗೆ ಜಗ್ಗುವುದಿಲ್ಲ. ಮೃದುವಾದ ಬ್ರಷ್ಷಿನಿಂದ ಒರಟು ಕಣಗಳ ಸಂದುಗಳನ್ನು ಉಜ್ಜದೆ ಕೋಟಿಂಗ್ ಹಾಕಿದರೆ ಧೂಳಿಗೇ ಕೋಟಿಂಗ್ ಹಾಕಿದಂತಾಗುತ್ತದೆ.

ಬಳ್ಳಾರಿ ಬಿಸಿಲು:
ನೀರು, ಧೂಳು ಎಂದು ಸುತ್ತಿ ಬಳಸುವುದೇಕೆ? ಹೀಟ್ ಗನ್ ಹಿಡಿದರೆ ಉತ್ತರ ತಾನಾಗಿ ಸಿಗುತ್ತದೆ. ಪ್ಲಾಸ್ಟಿಕ್‌ನ ಒಳಗಿನ ಎಣ್ಣೆ ಬಿಸಿಗೆ ಮೇಲೆ ಬರುತ್ತದೆ, ಅದೇ ಅದರ ಸಹಜ ಹೊಳಪು.

ಗಂಗಾವತಿ ಗ್ಯಾರೇಜು:
ಎಣ್ಣೆಯ ಮಾತನ್ನು ನಾನು ಒಪ್ಪುವುದಿಲ್ಲ. ಇಂಥ ಕ್ಲಾಡಿಂಗ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ (ಪಿಪಿ) ಎಂಬ ಪ್ಲಾಸ್ಟಿಕ್ಕಿಗೆ ಇಪಿಡಿಎಂ ರಬ್ಬರ್ ಮತ್ತು ಟಾಲ್ಕ್ ಪುಡಿ ಬೆರೆಸಿ ಮಾಡಿದ್ದಾಗಿರುತ್ತದೆ. ಬಿಡಿಭಾಗವನ್ನು ಕಳಚಿ ಹಿಂಬದಿ ನೋಡಿದರೆ ‘ಪಿಪಿ+ಇಪಿಡಿಎಂ-ಟಿಡಿ20’ ಎಂಬಂಥ ಅಚ್ಚು ಕಾಣಬಹುದು. ಟಿಡಿ20 ಎಂದರೆ ಶೇಕಡಾ 20ರಷ್ಟು ಟಾಲ್ಕ್. ಸೂರ್ಯನ ನೇರಳಾತೀತ ಕಿರಣ ಮೇಲ್ಪದರದಲ್ಲಿನ ಪಾಲಿಪ್ರೊಪಿಲೀನಿನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಬಿರುಕುಗಳೆದ್ದು ಬೆಳಕು ಚದುರುವುದರಿಂದ ಕಪ್ಪು ಬೂದಿಯಾಗಿ ಕಾಣುತ್ತದೆ. ಹೀಟ್ ಗನ್ ಮಾಡುವುದೆಂದರೆ ಆ ಬಿರುಕು ಬಿಟ್ಟ ಪದರವನ್ನು ಕರಗಿಸಿ ಮಟ್ಟ ಮಾಡುವುದು. ಪ್ಲಾಸ್ಟಿಕ್‌ನಲ್ಲಿ ಬಿಸಿಲನ್ನು ತಡೆಯಲೆಂದು ಬೆರೆಸಿದ್ದು ಈಗ ಕಳೆದುಹೋದ ರಕ್ಷಕ ಅಂಶವನ್ನು ಅದು ಮರಳಿ ತುಂಬುವುದಿಲ್ಲ, ಆದ್ದರಿಂದ ಕೆಲವು ತಿಂಗಳಲ್ಲಿ ಮತ್ತೆ ಅದೇ ಬೂದಿ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹೀಟ್ ಗನ್ನಿನ ಮೂತಿಯಲ್ಲಿ ಗಾಳಿ 300 ಡಿಗ್ರಿ ದಾಟಿರುತ್ತದೆ. ಕೈ ಒಂದು ಕ್ಷಣ ನಿಂತರೂ ಅಲ್ಲಿನ ಒರಟು ವಿನ್ಯಾಸ ಅಳಿಸಿಹೋಗಿ ನುಣುಪಾದ ಕಲೆ ಶಾಶ್ವತವಾಗಿ ಉಳಿಯುತ್ತದೆ. ಪಕ್ಕದ ಪೇಂಟಿನ ಗತಿಯನ್ನು ಬೇರೆ ಹೇಳಬೇಕಿಲ್ಲ. ಸವಾರರ ಗಾಡಿಯ ಮೇಲೆ ಅರ್ಧಂಬರ್ಧ ಎದ್ದ ಕೋಟಿಂಗ್ ಬೇರೆ ಇದೆ, ಅದಿರುವಾಗ ಬಿಸಿ ಮಾಡುವ ಮಾತೇ ಬೇಡ.

ಬಳ್ಳಾರಿ ಬಿಸಿಲು:
ಎಲ್ಲವನ್ನೂ ಪುಸ್ತಕದಲ್ಲಿ ಓದಿದವರು ಹೀಗೆಯೇ ಹೇಳುತ್ತಾರೆ. ನನ್ನ ಬಂಪರ್ ಇಂದಿಗೂ ಕಪ್ಪಾಗಿದೆ.

ಸಂಡೂರು ಘಾಟಿ:
ತಮ್ಮ ಜೀಪು ಹಗಲೆಲ್ಲ ಶೆಡ್ಡಿನ ನೆರಳಿನಲ್ಲಿ ನಿಂತಿರುತ್ತದೆ ಎಂದು ಬೇರೊಂದು ಚರ್ಚೆಯಲ್ಲಿ ತಾವೇ ಬರೆದಿದ್ದಿರಲ್ಲವೇ?

ಹಟ್ಟಿ ಹವ್ಯಾಸಿ:
ಜಗಳದ ನಡುವೆ ಒಂದು ಮಾತು. ನಾನು ನೀರಿನ ಗಡಸುತನ ತೆಗೆಯಲೆಂದೇ ರೆಸಿನ್ ತುಂಬಿದ ಸಿಲಿಂಡರ್ ಕೂರಿಸಿದ್ದೇನೆ; ಮೊದಲು ಫೋಮ್, ನಂತರ ಕ್ಲಾಡಿಂಗ್‌ಗೆ ಬೇರೆ ಬ್ರಷ್, ಸಂದುಗಳಿಗೆ ಬ್ಲೋವರ್, ಕೊನೆಗೆ ಪ್ರತ್ಯೇಕ ಬಣ್ಣದ ಮೈಕ್ರೋಫೈಬರ್ ಬಟ್ಟೆ. ನನ್ನ ಗಾಡಿಯ ಪ್ಲಾಸ್ಟಿಕ್ ಶೋರೂಮಿನಿಂದ ಬಂದ ದಿನದಂತೆಯೇ ಇದೆ. ಯಾರಾದರೂ ಈ ಕಡೆ ಬಂದರೆ ಖಂಡಿತ ನೋಡಿ ಹೋಗಿ.

ಗಂಗಾವತಿ ಗ್ಯಾರೇಜು:
ಅಷ್ಟೆಲ್ಲ ವ್ಯವಸ್ಥೆ ಎಲ್ಲರಿಗೂ ಸಾಧ್ಯವಿಲ್ಲ, ಕ್ಲಾಡಿಂಗ್‌ಗೆ ಅಗತ್ಯವೂ ಇಲ್ಲ. ಬೋರ್ ನೀರಿನಲ್ಲಿ ತೊಳೆದರೂ ನೆರಳಿನಲ್ಲಿ ತೊಳೆದು, ಆರುವ ಮೊದಲೇ ಒರೆಸಿದರೆ ಸಾಕು. ಸವಾರರೇ, ಹೊಸದೇನನ್ನೂ ಕೊಳ್ಳುವ ಮೊದಲು ಇಷ್ಟು ಪರೀಕ್ಷೆ ಮಾಡಿ ಫಲಿತಾಂಶ ತಿಳಿಸಿ. ಬಿಳಿಚಿದ ಒಂದು ಅಂಗೈಯಗಲದ ಜಾಗಕ್ಕೆ ವಿನೆಗರ್ ಅದ್ದಿದ ಬಟ್ಟೆಯನ್ನು ಕೆಲವು ನಿಮಿಷ ಒತ್ತಿ ಹಿಡಿದು, ತೊಳೆದು, ಪೂರ್ತಿ ಒಣಗಿದ ಮೇಲೆ ನೋಡಿ. ಒದ್ದೆಯಾದಾಗ ಎಲ್ಲವೂ ಕಪ್ಪಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ಒಣಗಿದ ಮೇಲೂ ಬಿಳಿ ಹೋಗಿದ್ದರೆ ರಾಯಚೂರಿನವರ ಸುಣ್ಣದ ಮಾತು ಅಷ್ಟರಮಟ್ಟಿಗೆ ನಿಜ. ಇನ್ನೊಂದು ಜಾಗವನ್ನು ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಉಜ್ಜಿ. ಬಾಡಿ ಪಾಲಿಶ್ ಮಾಡುವಾಗ ತಗುಲಿ ಒಣಗಿದ ಮೇಣವಾದರೆ ಅದು ಎದ್ದುಬರುತ್ತದೆ. ಮೂರನೆಯ ಜಾಗವನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ಒರೆಸಿ. ತೊಳೆದು ಶುಚಿಯಾದ ಮೇಲೂ ಬಟ್ಟೆಗೆ ಕಪ್ಪು ಹತ್ತುತ್ತಿದ್ದರೆ ಪ್ಲಾಸ್ಟಿಕ್‌ನ ಮೇಲ್ಪದರವೇ ಪುಡಿಯಾಗುತ್ತಿದೆ ಎಂದರ್ಥ.

ಕೊಪ್ಪಳದ ಸವಾರ:
ಮೂರನ್ನೂ ಮಾಡಿದೆ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ನೀರು ಇಳಿದ ಗೆರೆಗಳಿದ್ದವು, ವಿನೆಗರಿಗೆ ಅವು ಹೋದವು. ರಬ್ಬರಿಗೆ ಏನೂ ಬರಲಿಲ್ಲ. ಎಡಭಾಗದ ಕ್ಲಾಡಿಂಗ್ ಮೇಲೆ ಬಿಳಿ ಬಟ್ಟೆ ಕಪ್ಪಾಯಿತು, ಬಲಭಾಗದಲ್ಲಿ ಅಷ್ಟಿಲ್ಲ. ಕಚೇರಿಯ ಎದುರು ಗಾಡಿಯ ಎಡಭಾಗ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತದೆ. ಪೊರೆ ಏಳುತ್ತಿರುವುದು ಮಾತ್ರ ಎರಡೂ ಕಡೆ, ಅದೇಕೆ ಎಂದು ತಿಳಿಯುತ್ತಿಲ್ಲ. ವಾಷಿಂಗ್ ಸೆಂಟರಿನ ಹುಡುಗರು ಪ್ರತಿ ಸಲ ಟೈರಿಗೂ ಪ್ಲಾಸ್ಟಿಕ್ಕಿಗೂ ಹೊಡೆಯುವ ಮಾಮೂಲಿ ಶೈನ್ ಸ್ಪ್ರೇ ಬಿಟ್ಟರೆ ಬೇರೆ ಏನನ್ನೂ ನಾನು ಎಂದೂ ಹಾಕಿಸಿಲ್ಲ.

ಗಂಗಾವತಿ ಗ್ಯಾರೇಜು:
ಸರ್, ಈ ಕೊನೆಯ ವಾಕ್ಯವನ್ನು ಮೊದಲ ದಿನವೇ ಬರೆದಿದ್ದರೆ ಚೆನ್ನಾಗಿತ್ತು. ಆ ಶೈನ್ ಸ್ಪ್ರೇಗಳು ಬಹುಮಟ್ಟಿಗೆ ಸಿಲಿಕೋನ್ ಎಣ್ಣೆ. ವರ್ಷಗಟ್ಟಲೆ ಅದು ಒರಟು ಕಣಗಳ ನಡುವೆ ತುಂಬಿಕೊಂಡಿರುತ್ತದೆ. ಬರೀ ಶಾಂಪೂವಿಗೆ ಅದು ಹೋಗುವುದಿಲ್ಲ. ಅದರ ಮೇಲೆ ಹಚ್ಚಿದ ಕೋಟಿಂಗ್ ಪ್ಲಾಸ್ಟಿಕ್ಕನ್ನು ಹಿಡಿಯದೆ ಎಣ್ಣೆಯ ಮೇಲೆ ಕುಳಿತಿರುತ್ತದೆ, ಬಿಸಿಲಿಗೆ ಪೊರೆಯಾಗಿ ಏಳುತ್ತದೆ. ಅದಕ್ಕೇ ಎರಡೂ ಬದಿ ಒಂದೇ ರೀತಿ. ಎಡಬದಿಯಲ್ಲಿ ಕಪ್ಪು ಪುಡಿ ಉದುರುವುದು ಬಿಸಿಲಿನ ಕೆಲಸ, ಗೆರೆಗಳು ನೀರಿನ ಕೆಲಸ. ಮೂರು ರೋಗಗಳು ಒಂದೇ ಕಡೆ ಸೇರಿವೆ.

ಈಗ ಮಾಡಬೇಕಾದದ್ದು: ಎಪಿಸಿ (ಆಲ್ ಪರ್ಪಸ್ ಕ್ಲೀನರ್) ಎಂಬ ಶುಚಿಗೊಳಿಸುವ ದ್ರಾವಣವನ್ನು ಲೇಬಲ್ಲಿನಲ್ಲಿ ಹೇಳಿದಷ್ಟು ತೆಳುಮಾಡಿ, ಬ್ರಷ್ಷಿನಿಂದ ಉಜ್ಜಿ ತೊಳೆಯುವುದನ್ನು ನೊರೆ ಶುಚಿಯಾಗಿ ಬರುವವರೆಗೂ ಮುಂದುವರಿಸಿ. ಎದ್ದ ಪೊರೆ ಅದರಿಂದಲೇ ಬಹುಪಾಲು ಕಳಚುತ್ತದೆ. ಗೆರೆಗಳಿರುವಲ್ಲಿ ವಿನೆಗರ್, ಅಥವಾ ಅರ್ಧ ಲೀಟರ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಅದನ್ನು ಆರಲು ಬಿಡದೆ ಧಾರಾಳ ನೀರಿನಿಂದ ತೊಳೆಯಿರಿ. ರಾತ್ರಿಯಿಡೀ ಒಣಗಿದ ಮೇಲೆ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ, ಬಟ್ಟೆಯ ಮಗ್ಗುಲು ಬದಲಿಸುತ್ತ ಒರೆಸಿ. ಆನಂತರವೇ ಕೋಟಿಂಗ್. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಹಚ್ಚಿದರೆ ದ್ರವ ಹರಡುವ ಮೊದಲೇ ಆರಿ ಪಟ್ಟೆಪಟ್ಟೆಯಾಗುತ್ತದೆ, ಆದ್ದರಿಂದ ಸೂರ್ಯ ಹುಟ್ಟುವ ಮೊದಲು ಪ್ಲಾಸ್ಟಿಕ್ ತಣ್ಣಗಿರುವಾಗ ಹಚ್ಚಿ, ಒಂದು ದಿನ ನೀರು ತಾಗಿಸಬೇಡಿ. ಎಡಬದಿಗೆ ಮಾತ್ರ ಬಣ್ಣ ತುಂಬುವ ಡೈ ಮಾದರಿಯ ಟ್ರಿಮ್ ರಿಸ್ಟೋರರ್ ಉತ್ತಮ, ಏಕೆಂದರೆ ಪಾರದರ್ಶಕ ಕೋಟಿಂಗ್ ಅಲ್ಲಿ ಕಳೆದುಹೋದ ಕಪ್ಪನ್ನು ಮರಳಿ ಕೊಡಲಾರದು. ವಾಷಿಂಗ್ ಸೆಂಟರಿನವರಿಗೆ ಟೈರಿನಾಚೆ ಸ್ಪ್ರೇ ಬೇಡವೆಂದು ಪ್ರತಿ ಸಲ ಎದುರು ನಿಂತು ಹೇಳಿ. ಇಲ್ಲದಿದ್ದರೆ ಅವರು ಹೊಡೆದೇ ಹೊಡೆಯುತ್ತಾರೆ, ಅದು ಅವರ ಪ್ರೀತಿ.

ರಾಯಚೂರು ರಸ್ತೆ:
ಅಂತೂ ಸುಣ್ಣ ಇದ್ದದ್ದು ನಿಜವಾಯಿತು.

ಸಂಡೂರು ಘಾಟಿ:
ಮೂರರಲ್ಲಿ ಒಂದು. ಅಲ್ಲದೆ ಕೆಲವು ವಾಷಿಂಗ್ ಸೆಂಟರುಗಳಲ್ಲಿ ಅಡಿಭಾಗಕ್ಕೆ ಹೊಡೆಯುವ ಡೀಸೆಲ್ ಕ್ಲಾಡಿಂಗ್ ಮೇಲೂ ಬೀಳುತ್ತದೆ. ಅದೂ ಎರಡು ದಿನ ಕಪ್ಪಾಗಿ ಹೊಳೆದು ಆಮೇಲೆ ಧೂಳನ್ನು ಎಳೆದುಕೊಳ್ಳುತ್ತದೆ. ಸವಾರರು ಅದನ್ನೂ ವಿಚಾರಿಸಲಿ.

ಬಳ್ಳಾರಿ ಬಿಸಿಲು:
ಇಷ್ಟೆಲ್ಲ ತೊಳೆದು, ಒರೆಸಿ, ಮುಂಜಾನೆ ಎದ್ದು ಹಚ್ಚುವ ಹೊತ್ತಿಗೆ ಹೀಟ್ ಗನ್ನಿನಲ್ಲಿ ನಾಲ್ಕು ಗಾಡಿ ಮುಗಿಸಬಹುದಿತ್ತು. ಡೈ ಹಾಕುವ ಮೊದಲು ಎಡಬದಿಯ ಒಂದು ಮೂಲೆಗೆ ಹಿಡಿದು ನೋಡಿ ಎಂಬ ನನ್ನ ಸಲಹೆ ಹಾಗೆಯೇ ಇದೆ.

ಕೊಪ್ಪಳದ ಸವಾರ:
ಎಲ್ಲರಿಗೂ ಧನ್ಯವಾದ. ಆಲ್ಕೋಹಾಲ್ ಮೆಡಿಕಲ್ ಅಂಗಡಿಯಲ್ಲಿ ಸಿಕ್ಕಿತು. ಹಳೆಯ ಕೋಟಿಂಗ್ ಬಾಟಲಿಯಲ್ಲಿ ಅರ್ಧ ಉಳಿದಿದೆ, ಬಲಬದಿಗೆ ಅದನ್ನೇ ಬಳಸಬಹುದೇ?

ಗಂಗಾವತಿ ಗ್ಯಾರೇಜು:
ಒಮ್ಮೆ ತೆರೆದ ಬಾಟಲಿಯೊಳಗೆ ಗಾಳಿಯ ತೇವಾಂಶ ಸೇರಿ ಇಂಥ ದ್ರವಗಳು ಗಟ್ಟಿಯಾಗುತ್ತ ಹೋಗುತ್ತವೆ. ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿ. ಹರಳುಗಳು ಕಂಡರೆ, ಅಥವಾ ದ್ರವ ಮೊದಲಿಗಿಂತ ಮಂದವಾಗಿದ್ದರೆ ಎಸೆಯಿರಿ. ತಿಳಿಯಾಗಿದ್ದರೂ ಮೊದಲು ಹಿಂದಿನ ಬಂಪರಿನ ಕೆಳಬದಿಯಲ್ಲಿ, ಕಾಣದ ಕಡೆ ಒಂದಿಷ್ಟು ಹಚ್ಚಿ, ಅದು ಎಂದಿನಂತೆ ಆರುತ್ತದೆಯೇ ನೋಡಿ.